ನೆಟ್ಟಗೆ ನಿಂತ ಮುಳ್ಳುಗಳು

ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದೆ. ಪಕ್ಕದ ಮನೆಯಾಕೆ ಬಂದು, "ಫೋರ್‌ಮನ್ನರು ಹೋಗ್ಬಿಟ್ರಂತೆ ಕಣ್ರೀ," ಅಂದರು. ನನ್ನ ಕಣ್ಣಿಗೆ ಮೊದಲು ಬಂದದ್ದು ಫೋರ್‌ಮನ್ನರ ಹೆಬ್ಬೆರಳು. ಎಂದೋ ಯಂತ್ರಕ್ಕೆ ಸಿಕ್ಕಿ ಉಗುರು ಕಪ್ಪಗೆ ಗಟ್ಟಿಯಾಗಿತ್ತು. ಒತ್ತಿ ಹೇಳುವ ಮಾತಿದ್ದರೆ ಅದರಿಂದಲೇ ಮೇಜು ಕುಟ್ಟುತ್ತಿದ್ದರು.

ನಮ್ಮನೆಯವರು ಪೀಣ್ಯದ ಒಂದು ಕಾರ್ಖಾನೆಯ ಬಾಯ್ಲರ್ ಮನೆಯಲ್ಲಿ ಅವರ ಕೈಕೆಳಗಿದ್ದರು. ಗೋಡೆಯ ಮೇಲೆ ಹನ್ನೆರಡು ಮೀಟರು. ಎಲ್ಲ ಸರಿಯಿದ್ದಾಗಲೂ ಒಂದೊಂದರ ಮುಳ್ಳು ಒಂದೊಂದು ದಿಕ್ಕಿಗೆ. ಒಮ್ಮೆ ಒತ್ತಡ ಏರಿದ್ದು ಇವರ ಕಣ್ಣಿಗೆ ತಡವಾಗಿ ಬಿತ್ತು. ದೇವರ ದಯೆ, ಯಾರಿಗೂ ಏನೂ ಆಗಲಿಲ್ಲ. ಆದರೆ ಮೆಮೊ ಬಂತು. ಇನ್ನೊಂದು ಬಂದರೆ ಕೆಲಸವೇ ಇಲ್ಲ.

ಫೋರ್‌ಮನ್ನರು ಬಾಗಲಗುಂಟೆಯ ನಮ್ಮ ಮನೆಗೇ ಬಂದು, "ತಪ್ಪು ನಿನ್ ಕಣ್ಣಿಂದಲ್ಲ ಕಣಯ್ಯಾ, ಆ ಗೋಡೇದು," ಅಂದರು. ಮೀಟರುಗಳನ್ನು ತಿರುಗಿಸಿ ಕೂರಿಸಿದರೆ, ಎಲ್ಲ ಸರಿಯಿರುವಾಗ ಮುಳ್ಳುಗಳೆಲ್ಲ ನೆಟ್ಟಗೆ ಮೇಲಕ್ಕೆ ನಿಲ್ಲುತ್ತವೆ ಎಂಬುದು ಅವರ ಹಟ. ಅಂಕಿ ಓರೆಯಾಗುತ್ತದೆ, ನೋಡಿದವರು ನಗುತ್ತಾರೆ ಎಂದು ಮ್ಯಾನೇಜರು ಮೂರು ಸಲ ವಾಪಸು ಕಳಿಸಿದ್ದರು. "ನಾಲ್ಕನೇ ಸಲ ಹೋಗ್ತೀನಿ. ನಂಗೇನು ಕಾಲು ನೋಯುತ್ತಾ?"

ಆಯುಧಪೂಜೆಗೆ ಮನೆಮಂದಿಯೆಲ್ಲ ಕಾರ್ಖಾನೆಗೆ ಹೋಗುವುದು ರೂಢಿ. ಮಂಗಳಾರತಿಯಾದ ಮೇಲೆ ಫೋರ್‌ಮನ್ನರು ಎರಡು ರಟ್ಟು ತಂದು ಮ್ಯಾನೇಜರ ಮುಂದೆ ಹಿಡಿದರು. ಹನ್ನೆರಡೂ ಮೀಟರನ್ನು ಒಂದರಲ್ಲಿ ಹಳೆಯ ಹಾಗೆ, ಇನ್ನೊಂದರಲ್ಲಿ ತಮ್ಮ ಹಾಗೆ ಬರೆದಿದ್ದರು.

"ಸಾರ್, ಎರಡರಲ್ಲೂ ಒಂದೊಂದು ಮುಳ್ಳು ಜಾಗ ತಪ್ಪಿದೆ. ಹಳೇದು ನೀವು ನೋಡಿ, ಹೊಸದು ಈ ತಾಯಿ ನೋಡ್ಲಿ."

"ಅಯ್ಯೋ, ನಂಗೆ ಮೀಟರ್ ಓದೋಕ್ ಬರಲ್ಲ," ಅಂದೆ.

"ಓದ್ಬೇಡಿ ತಾಯಿ. ನೋಡಿ, ಸಾಕು."

ಮಂಜುನಾಥನನ್ನು ನೆನೆದು ಕಣ್ಣೆತ್ತಿದೆ. ಹನ್ನೊಂದು ನೆಟ್ಟಗಿವೆ, ಒಂದು ವಾಲಿದೆ. ಬೆರಳಿಟ್ಟೆ. ಮ್ಯಾನೇಜರು ಇನ್ನೂ ಮೊದಲ ಸಾಲಿನಲ್ಲೇ ಇದ್ದರು.

"ಕಡ್ಲೆಪುರಿ ಮೆತ್ತಗಾಗುತ್ತೆ ಸಾರ್!" ಎಂದು ಹಿಂದಿನಿಂದ ಯಾರೋ ಕೂಗಿದರು. ಎಲ್ಲರೂ ಗೊಳ್ಳೆಂದರು. ಮ್ಯಾನೇಜರಿಗೂ ನಗು ತಡೆಯಲಾಗಲಿಲ್ಲ. "ಆಯ್ತು, ತಿರುಗಿಸ್ಕೊಳ್ರೀ," ಅಂದರು.

ಆಮೇಲೆ ಇವರಿಗೆ ಮೆಮೊ ಬರಲಿಲ್ಲ. ಪಾಳಿ ಮುಗಿಸಿ ಇವರು ಗೇಟು ತೆಗೆದ ಸದ್ದು ಕೇಳಿದಾಗಲೆಲ್ಲ ದೇವರಿಗೊಂದು, ಫೋರ್‌ಮನ್ನರಿಗೊಂದು ಕೈ ಮುಗಿಯುತ್ತಿದ್ದೆ.

ಫೋರ್‌ಮನ್ನರು ಹೋದ ಸುದ್ದಿ ಹೇಳಿದೊಡನೆ ಇವರು ಅಂಗಿಯ ಗುಂಡಿಯನ್ನೂ ಹಾಕದೆ ಹೊರಟರು. "ಹೆಗಲು ಕೊಡ್ಬೇಕು ಕಣೇ," ಅಂದದ್ದಷ್ಟೇ. ಸುಡುಗಾಡಿನಿಂದ ಬಂದವರಿಗೆ ಸ್ನಾನಕ್ಕೆ ನೀರು ಬೇಕು. ಕಣ್ಣೊರೆಸಿಕೊಂಡು ಹಂಡೆ ತುಂಬಿಸಲು ಎದ್ದೆ.