ಮೊದಲು ಗುಣಿಸಬೇಕಿತ್ತು

ಬೆಳಗಿನ ಐದು ಗಂಟೆ. ನೀರಿನ ಟ್ಯಾಂಕಿನ ಕೆಳಗಿನ ಕೋಣೆಯಲ್ಲಿ ನೀರುಗಂಟಿ ಅಕ್ಕ ಒದ್ದೆ ಕೈ ಒರೆಸಿಕೊಂಡು ಹಳೇ ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಕಪ್ಪು ಪರದೆಯ ಮೇಲೆ 240 ಎಂದು ಒತ್ತುತ್ತಾರೆ. ಟ್ಯಾಂಕಿನಲ್ಲಿ ಇರುವುದು ಅಷ್ಟು ನಿಮಿಷದ ನೀರು. ನಾಲ್ಕು ಬೀದಿ, ನೂರು ಮನೆ. ಯಾವ ಬೀದಿಗೆ ಎಷ್ಟು ನಿಮಿಷ ಎಂದು ಪರದೆ ಹೇಳುತ್ತದೆ. ಇವರು ವಾಲ್ವ್ ತಿರುಗಿಸುತ್ತಾರೆ.

ಲೆಕ್ಕ ಮಾಡುವುದು ಹನ್ನೊಂದು ಸಾಲಿನ ಶೆಲ್ ಸ್ಕ್ರಿಪ್ಟ್, ಅಂದರೆ ಕಂಪ್ಯೂಟರ್ ಒಂದಾದ ಮೇಲೊಂದು ಪಾಲಿಸುವ ಆಜ್ಞೆಗಳ ಪಟ್ಟಿ. ಬರೆದವರು ಇವರೇ. ಗಂಡ ತೀರಿಕೊಂಡ ಮೇಲೆ ಆತನ ಕೆಲಸ ಇವರಿಗೆ ಬಂತು, ಬೀದಿಬೀದಿಯ ಜಗಳವೂ ಜೊತೆಗೇ ಬಂತು. "ನಾನು ಹೇಳಿದ್ರೆ ಪಕ್ಷಪಾತ ಅಂತಿದ್ರು. ಮೆಷಿನ್ ಹೇಳಿದ್ರೆ ಬಾಯಿ ಮುಚ್ಕೋತಾರೆ ಅಂತ ಪಂಚಾಯ್ತಿ ಆಫೀಸಿನ ಟೆಕ್ನಿಷಿಯನ್ ತಲೆ ತಿಂದು ಕಲಿತೆ," ಎನ್ನುತ್ತಾರೆ.

ಬಾಯಿ ಮುಚ್ಚದವಳು ಒಬ್ಬಳೇ, ಏರುಬೀದಿಯ ತುದಿಮನೆಯ ಟೇಲರ್. ಇಪ್ಪತ್ತೈದು ಮನೆಯ ಆ ಬೀದಿಗೆ ಸಿಗುತ್ತಿದ್ದದ್ದು ಐವತ್ತು ನಿಮಿಷ. ನೀರು ಏರಿ ಅವಳ ನಲ್ಲಿ ಮುಟ್ಟಲು ನಲವತ್ತೈದು ಬೇಕು.

"ಅಕ್ಕಾ, ಎರಡು ಕೊಡ ತುಂಬೋಷ್ಟರಲ್ಲಿ ನಲ್ಲಿ ಕೆಮ್ಮುತ್ತೆ."

"ಕಂಪ್ಯೂಟರಿಗೆ ನಿನ್ ಮೇಲೆ ಹಗೆ ಏನೇ? ಹೋಗು, ಹೋಗು."

ಆರು ವರ್ಷ ಇದೇ ಮಾತು. ಕೊನೆಗೆ ಅವಳು ಹೊಲಿಗೆ ಮೆಷಿನ್ ಕಟ್ಟಿಕೊಂಡು ಊರೇ ಬಿಟ್ಟಳು.

ಅವಳು ಹೋದ ತಿಂಗಳಿಗೇ ಒಂದು ಬೆಳಿಗ್ಗೆ ಕಂಪ್ಯೂಟರ್ ಏಳಲಿಲ್ಲ. ಇವರು ಪೆನ್ಸಿಲ್ ಹಿಡಿದರು. ಏರುಬೀದಿಗೆ ಅರವತ್ತು ನಿಮಿಷ ಬಂತು. ಮೂರು ಸಲ ಮಾಡಿದರೂ ಅರವತ್ತೇ.

ತಪ್ಪು ಆರನೇ ಸಾಲಿನಲ್ಲಿತ್ತು. ಆ ಆಜ್ಞೆಗಳನ್ನು ಓದಿ ನಡೆಸುವ ಶೆಲ್ಲಿಗೆ ಪೂರ್ಣ ಸಂಖ್ಯೆ ಮಾತ್ರ ಗೊತ್ತು. ಭಾಗಿಸಿದಾಗ ಉಳಿಯುವ ಚೂರನ್ನು ಸದ್ದಿಲ್ಲದೆ ಎಸೆದುಬಿಡುತ್ತದೆ. ಇವರು 240ನ್ನು ಮೊದಲೇ ನೂರರಿಂದ ಭಾಗಿಸಿದ್ದರು. ಮನೆಗೆ 2.4 ನಿಮಿಷ ಬರಬೇಕಾದಲ್ಲಿ ಎರಡೇ ಬಂತು. ಬೀದಿಯ ಮನೆಗಳ ಸಂಖ್ಯೆಯಿಂದ ಮೊದಲು ಗುಣಿಸಿ ಆಮೇಲೆ ಭಾಗಿಸಿದ್ದರೆ ಆ ಬೀದಿಗೆ ಹತ್ತು ನಿಮಿಷ ತಪ್ಪುತ್ತಿರಲಿಲ್ಲ.

"ದಿನಾ ನಲವತ್ತು ನಿಮಿಷದ ನೀರು ಟ್ಯಾಂಕಲ್ಲೇ ಉಳೀತಿತ್ತು. ಅದರ ಮೇಲೆ ಪಂಪ್ ಓಡಿ, ಟ್ಯಾಂಕ್ ತುಂಬಿ ಚರಂಡಿಗೆ ಹರೀತಿತ್ತು. ನೀರು ಧಾರಾಳ ಇದೆ ಅಂತ ನಾನು ಬೀಗ್ತಿದ್ದೆ!"

ಕಂಪ್ಯೂಟರ್ ರಿಪೇರಿಯಾದ ದಿನವೇ ಸಾಲನ್ನು ತಿದ್ದಿದ್ದಾರೆ. ತುದಿಮನೆಗೆ ಬಂದ ಹೊಸಬರು, ನಿಮ್ಮಂಥ ನೀರುಗಂಟಿ ಎಲ್ಲೂ ಇಲ್ಲ ಎಂದು ಹೊಗಳಿದರೆ ಇವರು ಮುಖ ತಿರುಗಿಸಿಕೊಳ್ಳುತ್ತಾರೆ.

ಟೇಲರ್ ಎಲ್ಲಿದ್ದಾಳೋ ಯಾರಿಗೂ ಗೊತ್ತಿಲ್ಲ. "ನನ್ನ ಫೋಟೊ ಬೇಡ," ಎನ್ನುತ್ತಾರೆ ಅಕ್ಕ. "ಪೇಪರಲ್ಲಿ ಇಷ್ಟೇ ಹಾಕಿ, ಎಲ್ಲಿದ್ರೂ ಓದ್ಲಿ. ಅವಳು ಹೇಳ್ತಿದ್ದದ್ದು ನಿಜ. ತಪ್ಪು ಲೆಕ್ಕ ನಂದು."