ಅಳಿವೆಯಲ್ಲಿ ಎತ್ತಿದ ಅಂಗಿ

ನಾಗವೇಣಿ ಅಕ್ಕೋರು ಪಾಠ ಮಾಡುತ್ತ ಮಾಡುತ್ತ ಬಲಗೈಯನ್ನು ನೆತ್ತಿಯ ಮೇಲೆತ್ತಿ, ಕಾಣದ ಬಟ್ಟೆಯೊಂದನ್ನು ಬೀಸುತ್ತಿದ್ದರು. ಹೊನ್ನಾವರದ ಕಾಲೇಜಿನಲ್ಲಿ ಅವರು ನಮಗೆ ಜೀವಶಾಸ್ತ್ರದ ಉಪನ್ಯಾಸಕಿ. 'ಮೇಡಂ' ಎಂದರೆ ತಿರುಗಿಯೂ ನೋಡುತ್ತಿರಲಿಲ್ಲ. "ಮೀನುಗಾರರ ಮನೆಯವಳು ನಾನು. ಅಕ್ಕೋರು ಅಂದ್ರೆ ಸಾಕು."

ಬೀಸಿದ್ದು ಇಂಟರ್‌ಫೆರಾನ್ ಪಾಠದ ದಿನ ಒಂದೇ ಸಲವೋ, ದಿನವೂ ಬೀಸುತ್ತಿದ್ದರೋ, ಈಗ ಆಣೆ ಮಾಡಿ ಹೇಳಲಾರೆ. ನೆನಪು ಒಂದನ್ನು ಹತ್ತು ಮಾಡುತ್ತದೆ. ಬೇಡವಾದದ್ದನ್ನು ಇಲ್ಲವಾಗಿಸುತ್ತದೆ.

ಆ ದಿನ ಅವರು ಹೇಳಿದ್ದು ತಮ್ಮ ಅಪ್ಪನ ಕತೆ. ನದಿ ಕಡಲು ಸೇರುವ ಅಳಿವೆಯಲ್ಲಿ ಅಪ್ಪನ ದೋಣಿ ಮರಳುದಿಣ್ಣೆಗೆ ಸಿಕ್ಕಿತು. ಅಪ್ಪ ಮೈಮೇಲಿನ ಅಂಗಿ ಬಿಚ್ಚಿ ಗಳಕ್ಕೆ ಕಟ್ಟಿ ಎತ್ತಿದ.

"ಎಂತಕ್ಕೆ?"

"ಕಾಪಾಡಿ ಅಂತ, ಅಕ್ಕೋರೆ," ಎಂದೆ.

"ಥೋ, ನೀನು ಸಿನಿಮಾ ಜಾಸ್ತಿ ನೋಡ್ತೆ! ಇತ್ಲಾಗೆ ಬರಬೇಡಿ ಅಂತ. ಹಿಂದಿದ್ದ ದೋಣಿಯವ್ರು ಅಲ್ಲೇ ಲಂಗರು ಹಾಕಿ ಉಳ್ಕಂಡ್ರು."

ವೈರಸ್ ಹೊಕ್ಕ ಜೀವಕೋಶ ಎತ್ತುವ ಅಂಗಿಯೇ ಇಂಟರ್‌ಫೆರಾನ್. ತಾನು ಉಳಿಯುವುದು ಅನುಮಾನವಾದರೂ ಅದು ಆ ವಸ್ತುವನ್ನು ಹೊರಗೆ ಬಿಡುತ್ತದೆ. ಅದು ತಾಗಿದ ನೆರೆಯ ಕೋಶಗಳು ಒಳಗಿನ ಕೆಲಸ ತಗ್ಗಿಸಿ, ಬಂದ ವೈರಸ್ ಬೆಳೆಯದಂತೆ ಅದರ ಆರ್‌ಎನ್‌ಎಯನ್ನು ತುಂಡರಿಸಲು ಸಜ್ಜಾಗುತ್ತವೆ. ಜ್ವರ, ಮೈಕೈ ನೋವಿನಲ್ಲಿ ಇಂಟರ್‌ಫೆರಾನಿನ ಪಾಲೂ ಇದೆ. "ಕೆಲವು ವೈರಸ್ ಬಲು ಕಳ್ಳ. ಮೊದ್ಲು ಅಂಗಿ ಎತ್ತೋ ಕೈಯನ್ನೇ ಹಿಡಿತದೆ," ಎಂದಿದ್ದರು.

ಕೊರೊನಾದ ಎರಡನೇ ವರ್ಷ ಅವರು ನಿವೃತ್ತರು, ಒಂಟಿ. ನನ್ನ ಮನೆ ಎರಡು ಓಣಿ ಆಚೆ. ಒಂದು ಬೆಳಿಗ್ಗೆ ಫೋನು ಬಂತು.

"ತಂಗೀ, ಜ್ವರ ಬಂದದೆ. ಅಂಗಿ ಎತ್ತಿದೆ ಅಂತ ತಿಳ್ಕ."

"ನಾನು ಬರೂದ್ ಬ್ಯಾಡ್ವಾ, ಅಕ್ಕೋರೆ?"

ನಕ್ಕರು, ಕೆಮ್ಮಿದರು. "ಪಾಠ ಮರ್ತಿಲ್ಲ ಅಲ್ದಾ ನೀನು?"

"ಆತು, ಅಕ್ಕೋರೆ," ಎಂದೆ. ಆ 'ಆತು'ವಿನಲ್ಲಿ ಎಷ್ಟು ನೆಮ್ಮದಿಯಿತ್ತೆಂದು ನನಗೊಬ್ಬಳಿಗೇ ಗೊತ್ತು. ಎರಡು ದಿನ ಫೋನಿನಲ್ಲಿ ವಿಚಾರಿಸಿದೆ. ಗೇಟಿಗೆ ಗಂಜಿಯ ಡಬ್ಬಿ ಸಿಕ್ಕಿಸಿ ಬರಬಹುದಿತ್ತು, ಅದನ್ನೂ ಮಾಡಲಿಲ್ಲ. ಮೂರನೆಯ ದಿನ ಅವರು ಫೋನು ಎತ್ತಲಿಲ್ಲ. ಸಂಜೆ ಆಂಬುಲೆನ್ಸಿನವರು ಬಂದಾಗ ಜೀವ ಹೋಗಿತ್ತು. ಓಣಿಯ ಬಾಗಿಲುಗಳೆಲ್ಲ ಮುಚ್ಚಿದ್ದವು, ನನ್ನದೂ.

ಆಮೇಲೆ ಶಿರಾಲಿಯಿಂದ ಅವರ ಅಣ್ಣ ಬಂದರು. ಸಮಾಧಾನಕ್ಕೆಂದು ಅವರಿಗೆ ಅಂಗಿಯ ಕತೆ ಹೇಳಿದೆ. ಸಮಾಧಾನ ಯಾರಿಗೆ ಬೇಕಿತ್ತೋ.

"ಅರ್ಧ ಹೇಳ್ತ್ರಿ ನೀವು," ಎಂದರು. "ದೋಣಿಯವ್ರು ನಿಂತ್ರು, ಹೌದು. ದಡದಲ್ಲಿದ್ದವ್ರು ಸೊಂಟಕ್ಕೆ ಹಗ್ಗ ಕಟ್ಕಂಡು ಈಸಿ ಹೋದ್ರಲ್ಲ! ಅಪ್ಪ ಬದುಕಿ ಬಂದ. ಮುದುಕನಾಗಿ ಸತ್ತ. ತಂಗಿ ಇದನ್ನ ಹೇಳ್ಲಿಲ್ವಾ?"

ಹೇಳಿರಲಿಲ್ಲ ಎಂದೆ. ಅಷ್ಟರಲ್ಲಿ ಕ್ಲಾಸಿನ ಗಂಟೆ ಹೊಡೆದು ಕತೆ ಅರ್ಧಕ್ಕೇ ನಿಂತಿರಬೇಕು ಎಂದುಕೊಂಡೆ.

ಮನೆಗೆ ಬಂದು ಹಳೆಯ ಟಿಪ್ಪಣಿ ಪುಸ್ತಕ ಹುಡುಕಿ ತೆಗೆದೆ. ಇಂಟರ್‌ಫೆರಾನಿನ ಕೆಲಸ: ಒಂದು, ನೆರೆಯ ಕೋಶಗಳಿಗೆ ಎಚ್ಚರಿಕೆ. ಎರಡು, ಕಾವಲಿನ ಕೋಶಗಳಿಗೆ ಕರೆ. ಪಕ್ಕದಲ್ಲಿ ಸಣ್ಣದಾಗಿ: 'ದಡದವರು, ಹಗ್ಗ.'

ಅಕ್ಷರ ನನ್ನದೇ. ಎರಡನೆಯದರ ಕೆಳಗೆ ಗೆರೆ ಎಳೆದಿದ್ದೂ ನಾನೇ.