ಒಂದು ಲೀಟರ್ ಎಣ್ಣೆ ಹುಡುಕುತ್ತ ಅರಬೈಲಿಗೆ

ಜನವರಿಯ ಚಳಿಯಲ್ಲಿ, ಬೆಳಿಗ್ಗೆ ಏಳೂವರೆಗೆ ನಾನು ಸಿದ್ದಾಪುರದಿಂದ ಕಾರು ಹೊರಡಿಸಿದೆ. ಪಕ್ಕದಲ್ಲಿ ನಿಮ್ಮ ಅಜ್ಜನ ತಂಗಿ ಸರೋಜ. ಹಿಂದೆ ಕಾಗದದಷ್ಟು ತೆಳ್ಳಗಿನ ಸಿಹಿ ತೊಡದೇವು ತುಂಬಿದ ಆರು ಡಬ್ಬಿ. ಅರಬೈಲ್ ಘಟ್ಟದ ಕೆಳಗೆ ಸರೋಜನ ಗೆಳತಿಯ ಮೊಮ್ಮಗನಿಗೆ ಮರುದಿನ ಉಪನಯನವಿತ್ತು. ಸಿದ್ದಾಪುರದ ಪೇಟೆ ದಾಟಿ ನಾನೇ ಕಾರು ಒಯ್ದದ್ದು ಅದೇ ಮೊದಲು, ಮಕ್ಕಳೇ. ಸಂತೋಷಕ್ಕೋ ಹೆದರಿಕೆಗೋ ಗೊತ್ತಿಲ್ಲ, ಹಿಂದಿನ ರಾತ್ರಿ ಸರಿಯಾಗಿ ನಿದ್ದೆ ಬಂದಿರಲಿಲ್ಲ.

ಈ ಕಾರು ಯುರೋಪಿನ ಕಂಪನಿಯದು, ಡೀಸೆಲ್ಲಿನದು. ನಿಮ್ಮ ಅಜ್ಜ ಮದುವೆಮನೆಗಳ ಅಡಿಗೆ ವಹಿಸಿಕೊಳ್ಳುತ್ತಿದ್ದರು. ಹಿಂದೆ ಎರಡು ದೊಡ್ಡ ಹಂಡೆ ಹಿಡಿಸುತ್ತವೆ ಎಂಬ ಒಂದೇ ಕಾರಣಕ್ಕೆ ಇದನ್ನು ಹುಬ್ಬಳ್ಳಿಯಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡಿದ್ದರು. ನನಗೆ ಸ್ಟೇರಿಂಗ್ ಹಿಡಿಯಲು ಕಲಿಸಿದವರೂ ಅವರೇ. ಅವರು ತೀರಿಹೋದಮೇಲೆ ಕಾರು ಎರಡು ಸಲ ಕೆಟ್ಟು ನಿಂತಿತ್ತು. ಹೊರಡುವಾಗ ಅಜ್ಜನ ಅಣ್ಣ, ಪಕ್ಕದ ಮನೆಯ ಗಣಪತಿ ಭಾವ, ಅಂಗಳದಲ್ಲೇ ಬಾನೆಟ್ ಎತ್ತಿ ಆಯಿಲ್ ನೋಡುವ ಕಡ್ಡಿ ಎಳೆದು, "ತುಂಬಾ ಇದ್ದು, ಹೋಗಿ" ಎಂದರು. ಮತ್ತೆ ಸರೋಜನ ಕಡೆ ತಿರುಗಿ ಹೇಳಿದರು: "ಈ ಸಲ ದಾರಿ ಮೇಲೆ ನಿಂತ್ರೆ ಮಾರಿಬಿಡನ. ಹೆಂಗಸ್ರಿಗೆ ಈ ಪರದೇಶಿ ಕಾರಿನ ಉಸಾಬರಿ ಎಂತಕ್ಕೆ?"

ಶಿರಸಿಯವರೆಗಿನ ಮೂವತ್ತೈದು ಚಿಲ್ಲರೆ ಕಿಲೋಮೀಟರಿಗೆ ಒಂದೂಕಾಲು ಗಂಟೆ ಹಿಡಿಯಿತು. ಮಂಜು ಇತ್ತು, ನಾನೂ ನಿಧಾನವೇ. ಎರಡು ಬಸ್ಸುಗಳು ಹಾರ್ನ್ ಬಾರಿಸಿ ನಮ್ಮನ್ನು ದಾಟಿಹೋದವು. ಸರೋಜ ಮಾತ್ರ ಒಂದು ಎತ್ತಿನ ಗಾಡಿಯನ್ನು ನಾವು ಹಿಂದೆ ಹಾಕಿದ್ದನ್ನು ದಾರಿಯುದ್ದಕ್ಕೂ ಹೊಗಳಿದಳು. ಶಿರಸಿ ಪೇಟೆ ಕಾಣುವ ಹೊತ್ತಿಗೆ ಎದುರಿನ ಫಲಕದಲ್ಲಿ ಹಳದಿ ದೀಪ ಹೊತ್ತಿತು. ಗಿಂಡಿಯ ಹಾಗಿನ ಒಂದು ಚಿತ್ರ.

"ಅತ್ಗೆ, ಅದೆಂತ ದೀಪ?"

"ಎಂಜಿನ್ನಿನ ಎಣ್ಣೆ ಕಮ್ಮಿ ಆಯ್ದು."

"ಅಣ್ಣ ತುಂಬಾ ಇದ್ದು ಹೇಳಿದ್ನಲೆ!"

ಹಳದಿಯಾದರೆ ಬೇಗ ಎಣ್ಣೆ ಹಾಕಬೇಕು, ಕೆಂಪಾದರೆ ನಿಂತಲ್ಲೇ ಎಂಜಿನ್ ಬಂದ್ ಮಾಡಬೇಕು ಎಂದು ಅಜ್ಜ ಹೇಳಿದ್ದು ನೆನಪಿತ್ತು. ಯಲ್ಲಾಪುರ ರಸ್ತೆಯಲ್ಲಿ ಅವರಿಗೆ ಪರಿಚಯವಿದ್ದ ಮೆಕ್ಯಾನಿಕ್ ರಫೀಕರ ಗ್ಯಾರೇಜಿನೊಳಗೆ ಕಾರು ನಿಲ್ಲಿಸಿದೆ.

ಎಣ್ಣೆ ಕೆಳಗಿಳಿಯಲಿ ಎಂದು ರಫೀಕರು ಐದು ನಿಮಿಷ ಕಾದು ಕಡ್ಡಿ ಎಳೆದು ತೋರಿಸಿದರು. ಎಣ್ಣೆ ಕೆಳಗಿನ ಗೆರೆಯನ್ನು ಬರೇ ಮುಟ್ಟಿತ್ತು. "ಮನೇಲಿ ಎಲ್ಲಿ ನಿಲ್ಸಿ ನೋಡ್ತೀರಿ ಅಮ್ಮಾ?" ಎಂದು ಕೇಳಿದರು. ಅಂಗಳದಲ್ಲಿ ಎಂದೆ. "ನಿಮ್ಮ ಕಡೆ ಅಂಗಳ ಅಂದ್ರೆ ನೀರು ಹರಿದು ಹೋಗೋಕೆ ಇಳಿಜಾರು ಅಲ್ಲೇನ್ರಿ? ಗಾಡಿ ಮೂತಿ ಮೇಲೆ, ಎಣ್ಣೆ ಎಲ್ಲ ಹಿಂದಿರೋ ಕಡ್ಡಿ ಕಡೆ ಹರಿದು ಜಾಸ್ತಿ ತೋರಿಸ್ತದೆ. ಸಮ ನೆಲದಲ್ಲೇ ನೋಡ್ಬೇಕು." ಭಾವ ಒಬ್ಬರೇ ಅಲ್ಲ, ಎಷ್ಟೋ ತಿಂಗಳಿಂದ ನಾನೂ ಅದೇ ಇಳಿಜಾರಿನಲ್ಲಿ ಕಡ್ಡಿ ನೋಡಿ ನಿಶ್ಚಿಂತಳಾಗಿದ್ದೆ.

ಅವರು ಒಳಗಿಂದ ಒಂದು ದೊಡ್ಡ ಡಬ್ಬ ತಂದರು. "ಅರಬೈಲ್ ಇಳಿಯೋದಲ್ಲ? ಘಟ್ಟದ ಗಾಡಿಗೆ ದಪ್ಪ ಆಯಿಲ್ಲೇ ಬೇಕು. ಇಲ್ಲಿನ ಲಾರಿಗೆಲ್ಲ ನಾನು ಇದನ್ನೇ ಹಾಕೋದು. ಒಂದೂ ಬಂದು ಅಳ್ಲಿಲ್ಲ."

"ಲಾರಿ ಅಳೂದು ಹೆಂಗೆ ಗೊತ್ತಾಗ್ತದೆ ಭಾಯ್?" ಎಂದಳು ಸರೋಜ.

ರಫೀಕರು ನಗುತ್ತ ಎಂಜಿನ್ನಿನ ಮುಚ್ಚಳ ಬಿಚ್ಚಿ, ಅಳತೆಯ ಮಗ್ಗಿಗೆ ಡಬ್ಬ ಬಗ್ಗಿಸಿದರು. ಆ ಎಣ್ಣೆ ಹಗ್ಗದಂತೆ, ಆಕಳಿಸುತ್ತ ಇಳಿಯತೊಡಗಿತು. ಹಿಂದಿನ ದಿನ ಬೆಳಿಗ್ಗೆ ಪಾಕದಂಥ ಜೋನಿಬೆಲ್ಲದ ಡಬ್ಬಿಯನ್ನು ಬೋರಲು ಹಿಡಿದು, ಚಳಿಗೆ ಅದು ಬೀಳದೆ ಕಾದು ಕಾದು ಸಾಕಾಗಿದ್ದು ನನ್ನ ಕಣ್ಣೆದುರು ಬಂತು. ಚಳಿಯ ಬೆಳಿಗ್ಗೆ ಕಾರು ಚಾಲೂ ಮಾಡಿದಾಗ ಇದು ಎಂಜಿನ್ನಿನ ಮೂಲೆಮೂಲೆಗೆ ಮುಟ್ಟುವುದು ಯಾವಾಗ? ಬೇಡ ಎನ್ನಬೇಕು. ಆದರೆ ಹೊರಗಿನ ಗಂಡಸರೊಡನೆ ಎದುರು ಮಾತಾಡಿ ನನಗೆ ರೂಢಿಯಿಲ್ಲ. "ನೀನೇ ಹೇಳೆ" ಎಂದು ಸರೋಜನನ್ನು ತಿವಿದೆ. ಅವಳಿಗೆ ಅರ್ಥವಾಗಲಿಲ್ಲ. ಕೊನೆಗೆ ಅವರು ಮಗ್ಗು ಎತ್ತಿ ಸುರಿಯುವಾಗ ಎಂಜಿನ್ನಿನ ಬಾಯಿಗೆ ನನ್ನ ಅಂಗೈಯನ್ನೇ ಅಡ್ಡ ಇಟ್ಟುಬಿಟ್ಟೆ. ಎಣ್ಣೆ ಕೈ ಮೇಲೆ ಬಿತ್ತು.

"ಅಯ್ಯೋ ಅಮ್ಮಾ! ಕೈ ತೆಗೀರಿ, ಎಂಜಿನ್ ಬಿಸಿ ಇದೆ!"

"ಇದು ಬೇಡ," ಎಂದೆ. ಅಷ್ಟೇ ಬಂತು.

ರಫೀಕರು ಸಿಟ್ಟಾಗಲಿಲ್ಲ. ಕೈ ಒರೆಸಿಕೊಳ್ಳಲು ಬಟ್ಟೆ ಕೊಟ್ಟು, "ಹಂಗಾದ್ರೆ ಯಾವ್ದು ಬೇಕು, ನೀವೇ ತನ್ನಿ. ಹಾಕಿ ಕೊಡ್ತೀನಿ" ಎಂದರು. ನಾನು ಕಾರಿನೊಳಗಿನ ಕೈಪಿಡಿ ತೆಗೆದುಕೊಂಡೆ. ಏಳನೇ ಇಯತ್ತೆಯವರೆಗೆ ಓದಿದವಳಿಗೆ ಇಂಗ್ಲಿಷ್ ಅಕ್ಷರ ಕೂಡಿಸಲು ಬರುತ್ತದೆ, ಅಂಕಿಗಳಂತೂ ಎಲ್ಲರಿಗೂ ಒಂದೇ. ಎಣ್ಣೆಯ ಪುಟದಲ್ಲಿ ಅಜ್ಜ ಪೆನ್ಸಿಲಿನಿಂದ ಗೆರೆ ಎಳೆದಿದ್ದರು: 5W-30, ಅದರ ಕೆಳಗೆ C3, ಅದರ ಕೆಳಗೆ ಕಾರಿನ ಕಂಪನಿಯ ಐದು ಅಂಕಿಯ ಒಪ್ಪಿಗೆ ಸಂಖ್ಯೆ.

ಮೊದಲ ಅಂಗಡಿಯಲ್ಲೇ 5W-30 ಸಿಕ್ಕಿತು. ಹೊಳೆಯುವ ಡಬ್ಬ, ಮೇಲೆ ಓಡುವ ಕಾರಿನ ಚಿತ್ರ, ಪೂರ್ತಿ ಸಿಂಥೆಟಿಕ್ ಎಂಬ ದಪ್ಪ ಅಕ್ಷರ. ನನಗೆ ಕುಣಿಯುವಷ್ಟು ಖುಷಿಯಾಯಿತು. ಡಬ್ಬದ ಬೆನ್ನು ತಿರುಗಿಸಿ ನೋಡಿದರೆ C3 ಇಲ್ಲ, ಕಂಪನಿಯ ಸಂಖ್ಯೆಯೂ ಇಲ್ಲ.

"ಸಿಂಥೆಟಿಕ್ ಅಂದ್ಮೇಲೆ ಮುಗೀತಲ್ರಿ ಅಕ್ಕಾರೆ, ಇನ್ನೇನು ಹುಡುಕ್ತೀರಿ?" ಎಂದ ಅಂಗಡಿಯವ.

"ಮನೆಯಲ್ಲಿ ಕೇಳಿ ಬರುತ್ತೇನೆ" ಎಂದು ಹೊರಬಿದ್ದೆ. ಸೀರೆ ಅಂಗಡಿಯಿಂದ ಹಿಡಿದು ಪಾತ್ರೆ ಅಂಗಡಿಯವರೆಗೆ ನಾನು ಜೀವಮಾನವಿಡೀ ಹೇಳಿ ತಪ್ಪಿಸಿಕೊಂಡ ಮಾತದು.

"ಮನೆಲಿ ಯಾರಿದ್ದ ಕೇಳಲೆ?" ಎಂದಳು ಸರೋಜ. "ಬೆಕ್ಕಿನ ಹತ್ರ ಕೇಳದ?"

ಇಬ್ಬರೂ ಬೀದಿಯಲ್ಲಿ ನಿಂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನಕ್ಕಮೇಲೆ ಧೈರ್ಯ ಬಂತು. ಎರಡನೇ ಅಂಗಡಿಗೆ ಹೋಗಿ, ಕೈಪಿಡಿಯ ಪುಟ ತೆರೆದು ಗಲ್ಲೆಯ ಮೇಲಿಟ್ಟು, "ಈ ಸಂಖ್ಯೆ ಬರೆದಿರುವ ಎಣ್ಣೆ ಇದ್ದರೆ ಕೊಡಿ. ಇಲ್ಲದಿದ್ದರೆ ಬೇಡ" ಎಂದೆ. ಒಂದೇ ಉಸಿರಿಗೆ ಹೇಳಿದೆ.

ಅಂಗಡಿಯ ಹಿರಿಯರು ಕನ್ನಡಕ ಏರಿಸಿ ಪುಟ ನೋಡಿದರು. "ಇಷ್ಟು ಸರಿಯಾಗಿ ಕೇಳ್ಕಂಡು ಬರುವವರು ಕಮ್ಮಿ ತಾಯಿ" ಎಂದು ಏಣಿ ಹತ್ತಿ ಒಂದು ಲೀಟರಿನ ಡಬ್ಬ ಇಳಿಸಿದರು. ಅದರ ಬೆನ್ನ ಮೇಲೆ ಐದು ಅಂಕಿಯೂ ಇದ್ದವು. ನಾನು ಬೆರಳಿಟ್ಟು ಎರಡು ಸಲ ಓದಿದೆ. ಬೆಲೆ ಸಾವಿರದ ಮೇಲೆ ಚಿಲ್ಲರೆ.

"ನಿಮ್ಮ ಗಾಡಿಯ ಹೊಗೆಕೊಳವೆಯಲ್ಲಿ ಮಸಿ ಸೋಸುವ ಫಿಲ್ಟರ್ ಇರ್ತದೆ," ಎಂದು ಅವರೇ ವಿವರಿಸಿದರು. "ಮಸಿ ಕೂತರೆ ಅದು ಸುಟ್ಟುಕೊಳ್ತದೆ. ಬೇರೆ ಆಯಿಲ್ ಹಾಕಿದ್ರೆ ಅದರ ಬೂದಿ ಅಲ್ಲಿ ಕೂರ್ತದೆ. ಬೂದಿ ಸುಡೂದಿಲ್ಲ ನೋಡಿ, ಹಾಂಗೇ ಕಟ್ಟಿಕೊಳ್ತದೆ. C3 ಅಂದ್ರೆ ಬೂದಿ ಕಮ್ಮಿ ಇರುವ ಜಾತಿ."

ಐವತ್ತು ವರ್ಷ ಒಲೆಯ ಬೂದಿ ಬಳಿದವಳಿಗೆ ಇದಕ್ಕಿಂತ ಹೆಚ್ಚು ಹೇಳಬೇಕಿರಲಿಲ್ಲ. W ಅಕ್ಷರಕ್ಕಿಂತ ಮೊದಲಿನ ಅಂಕಿ ಎಣ್ಣೆ ಚಳಿಯಲ್ಲಿ ಎಷ್ಟು ಸುಲಭವಾಗಿ ಹರಿಯುತ್ತದೆಂದು ಹೇಳುತ್ತದಂತೆ, ನಂತರದ್ದು ಬಿಸಿಯಾದಾಗಿನ ದಪ್ಪ. ಇದೂ ಅವರಿಂದಲೇ ತಿಳಿಯಿತು.

ರಫೀಕರು ಮೊದಲು ಅರ್ಧ ಲೀಟರು ಹಾಕಿ, ತಡೆದು, ಕಡ್ಡಿ ನೋಡಿದರು. ಮತ್ತೆ ಸ್ವಲ್ಪ ಹಾಕಿದರು. ಮೇಲಿನ ಗೆರೆಯ ಹತ್ತಿರ ಬಂದಾಗ ನಿಲ್ಲಿಸಿ, ಅದನ್ನು ದಾಟಿದರೂ ಎಂಜಿನ್ನಿಗೆ ಕೇಡು ಎಂದರು. ಕಾರು ಚಾಲೂ ಮಾಡಿದೆ. ಹಳದಿ ದೀಪ ಇರಲಿಲ್ಲ. ಸರೋಜ ಚಪ್ಪಾಳೆ ತಟ್ಟಿದಳು. ರಫೀಕರು ಡಬ್ಬದ ಬೆನ್ನಿನ ಫೋಟೋ ತೆಗೆದುಕೊಂಡು, "ಈ ಥರ ಗಾಡಿ ಇನ್ನೆರಡು ಬರ್ತಾವ್ರಿ. ಅವಕ್ಕೂ ಇದನ್ನೇ ತರಿಸ್ತೀನಿ" ಎಂದರು. ಕೆಲಸಕ್ಕೆ ಹಣ ಮುಟ್ಟಲಿಲ್ಲ. ನಾಲ್ಕು ತೊಡದೇವು ಕೊಟ್ಟೆವು.

ಯಲ್ಲಾಪುರಕ್ಕೆ ಐವತ್ತು ಕಿಲೋಮೀಟರಿನಷ್ಟು ದಾರಿ, ಬಿಸಿಲು ಏರಿತ್ತು, ಕಿಟಕಿ ಇಳಿಸಿ ಹೋದೆವು. ಅಲ್ಲಿ ಚಹಾ ಮತ್ತು ಬಿಸಿ ಮೆಣಸಿನಕಾಯಿ ಬಜ್ಜಿ. ಪೆಟ್ರೋಲ್ ಬಂಕಿನ ಸಮ ನೆಲದಲ್ಲಿ ಕಡ್ಡಿಯನ್ನು ನಾನೇ ಎಳೆದು ನೋಡಿದೆ. ಸರಿಯಿತ್ತು. ಅರಬೈಲ್ ಇಳಿಯುವಾಗ ಲಾರಿಗಳ ಸಾಲಿನ ಹಿಂದೆ, ಎರಡನೇ ಗೇರಿನಲ್ಲೇ ಇಳಿದೆ. ಸರೋಜ ಬಾಗಿಲ ಹಿಡಿಕೆ ಬಿಗಿಯಾಗಿ ಹಿಡಿದಿದ್ದಳು. ಎರಡು ಗಂಟೆಗೆ ಮುಟ್ಟಿದೆವು. ಆರು ಡಬ್ಬಿಯಲ್ಲಿ ಮುರಿದದ್ದು ಮೂರೇ ತೊಡದೇವು, ಅವನ್ನು ಉಪನಯನದ ವಟುವೇ ತಿಂದ.

ಮೂರನೇ ದಿನ ಬೆಳಿಗ್ಗೆ ಹಿಂದಿರುಗುವಾಗ ನಿಜವಾದ ಪರೀಕ್ಷೆ. ತಣ್ಣಗಿದ್ದ ಎಂಜಿನ್ ಒಂದೇ ಸಲಕ್ಕೆ ಚಾಲೂ ಆಯಿತು. ಘಟ್ಟದ ತಿರುವುಗಳಲ್ಲಿ ಕಾರು ಗೊಣಗದೆ ಏರಿತು, ಮಕ್ಕಳೇ, ಏರಿಯೇ ಏರಿತು! ಮುಂದಿನ ಲಾರಿ ದಾರಿ ಬಿಟ್ಟಾಗ ಅದನ್ನು ಹಿಂದೆ ಹಾಕಿದೆ. ನಾನು ಒಂದು ಲಾರಿಯನ್ನು ದಾಟಿದೆ! ಘಟ್ಟದ ತುದಿಯಲ್ಲಿ ನಿಲ್ಲಿಸಿ ಹಿಂದೆ ನೋಡಿದರೆ ನಾವು ಬಂದ ರಸ್ತೆ ಕಾಡಿನೊಳಗೆ ಮಡಿಕೆ ಮಡಿಕೆಯಾಗಿ ಕಾಣುತ್ತಿತ್ತು.

ಸಂಜೆ ಸಿದ್ದಾಪುರ ಮುಟ್ಟಿದಾಗ ಗಣಪತಿ ಭಾವ ಬೇಲಿಯ ದಣಪೆಯ ಹತ್ತಿರವೇ ನಿಂತಿದ್ದರು. ಸರೋಜ ಇಳಿದವಳೇ ನಡೆದದ್ದೆಲ್ಲ ಒದರಿಬಿಟ್ಟಳು, ದೀಪ ಹೊತ್ತಿದ್ದನ್ನೂ ಬಿಡಲಿಲ್ಲ. ಭಾವ ನೇರ ಬಾನೆಟ್ಟಿನ ಕಡೆ ಬಂದರು. ನಾನು ಕಾರನ್ನು ಅಂಗಳಕ್ಕೆ ಹತ್ತಿಸದೆ ಸಮ ರಸ್ತೆಯಲ್ಲೇ ನಿಲ್ಲಿಸಿದ್ದೆ. ಐದು ನಿಮಿಷ ಕಾಯಬೇಕೆಂದೆ. ಕಾದರು. ಕಡ್ಡಿ ಎಳೆದು, ಒರೆಸಿ, ಮತ್ತೆ ಅದ್ದಿ ಎಳೆದು, ಬೆಳಕಿಗೆ ಹಿಡಿದರು.

"ಸಮ ಇದ್ದು," ಎಂದರು. ಕಡ್ಡಿ ವಾಪಸ್ಸು ಇಟ್ಟು ಬಾನೆಟ್ ಮುಚ್ಚುತ್ತ ಹೇಳಿದರು: "ನಾಡಿದ್ದು ಬನವಾಸಿಗೆ ಹೋಪ ಕೆಲಸ ಇತ್ತು. ಬಸ್ಸಲ್ಲಿ ಮಂಡಿ ಮಡಚಲೆ ಆಗ್ತಿಲ್ಲೆ."

"ಏಳು ಗಂಟಿಗೆ ತಯಾರಿರಿ ಭಾವ," ಎಂದೆ. "ಮುಂದಿನ ಸೀಟು ಸರೋಜಂದು."

ಭಾವ ಹಿಂದಿನ ಬಾಗಿಲು ತೆಗೆದು ಒಳಗೆ ಕೂತು, ಹಿಡಿಸುತ್ತದೆಯೋ ಇಲ್ಲವೋ ಎಂದು ಕಾಲು ಚಾಚಿ ನೋಡತೊಡಗಿದರು.